ಊಟದ ಕೋಣೆಗೆ ಹಸಿರು: ಬಲ್ಬು ಮೊದಲು, ಬಣ್ಣ ಆಮೇಲೆ

ಹಸಿರು ಬಣ್ಣವನ್ನು ಅಂಗಡಿಯಲ್ಲಿ ನಿಂತು ಆರಿಸಬೇಡಿ. ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡುವ ಹೊತ್ತು ಯಾವುದೋ, ಆ ಹೊತ್ತಿನ ಬೆಳಕಿನಲ್ಲಿ ಆರಿಸಿ. ನಮ್ಮಲ್ಲಿ ಅದು ರಾತ್ರಿ ಎಂಟೂವರೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಬೆಳಗ್ಗೆ ಒಬ್ಬರು ಡಬ್ಬಿ ಹಿಡಿದು ಹೊರಟರೆ ಇನ್ನೊಬ್ಬರು ನಿಂತುಕೊಂಡೇ ಇಡ್ಲಿ ತಿಂದು ಬಸ್ಸಿಗೆ ಓಡುತ್ತಾರೆ.

ಹನುಮಂತನಗರದ ನಮ್ಮ ಮನೆ 30×40 ಸೈಟಿನದು. ಹಾಲಿಗೂ ಅಡುಗೆಮನೆಗೂ ನಡುವೆ ಊಟದ ಜಾಗ. ಇರುವ ಒಂದೇ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಇಂಥ ಕಡೆ ಗೋಡೆಯ ಬಣ್ಣವನ್ನು ತೀರ್ಮಾನ ಮಾಡುವುದು ಸೂರ್ಯನಲ್ಲ, ಬಲ್ಬು.

ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಲೆಕ್ಕ, ಅಂದರೆ ಬೆಳಕಿನ ಬಣ್ಣದ ಅಳತೆ, ಬರೆದಿರುತ್ತಾರೆ. 6500 ಅಂದರೆ ನೀಲಿ ಬೆರೆತ ಬಿಳಿ ಬೆಳಕು. ಇದರಲ್ಲಿ ಪಿಸ್ತಾ ಹಸಿರು ಆಸ್ಪತ್ರೆ ಗೋಡೆಯ ಹಾಗೆ ಕಾಣುತ್ತದೆ, ಸಾರಿನ ಕೆಂಪು ಸಪ್ಪೆಯಾಗುತ್ತದೆ. 2700ರಿಂದ 3000ದ ಬಲ್ಬು ತನ್ನಿ. ಅದರ ಹಳದಿ ಸೇರಿ ಹಸಿರು ಎಲೆಯ ಬಣ್ಣದ ಕಡೆಗೆ ತಿರುಗುತ್ತದೆ. ಸಿಆರ್‌ಐ (ಬಲ್ಬು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90 ಇರುವುದು ಸಿಕ್ಕಿದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ, ಬಣ್ಣಗಳು ಇದ್ದ ಹಾಗೆ ಕಾಣುತ್ತವೆ. ತೂಗುದೀಪ ಹಾಕುವುದಾದರೆ ಮೇಜಿನಿಂದ ಸುಮಾರು ಎರಡೂವರೆ ಅಡಿ ಮೇಲಿರಲಿ. ಎದುರಿಗೆ ಕೂತವರ ಮುಖ ಮರೆಯಾಗಬಾರದು.

ಈಗ ಬಣ್ಣ. ಶೇಡ್ ಕಾರ್ಡಿನ ಅಂಗೈಯಗಲದ ಚೂರನ್ನು ನಂಬಬೇಡಿ. ಇಷ್ಟವಾದ ಎರಡು ಮೂರು ಹಸಿರನ್ನು ಸಣ್ಣ ಡಬ್ಬಿಯಲ್ಲಿ ತಂದು, ಬಿಳಿ ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಬಳಿಯಿರಿ. ಸುತ್ತಲೂ ಎರಡು ಇಂಚು ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಹಳೇ ಗೋಡೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಪೂರ್ತಿ ಒಣಗಿದ ಮೇಲೆ ಮೇಜಿನ ಹಿಂದೆ ಅಂಟಿಸಿ, ರಾತ್ರಿ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಅದರ ಎದುರು ಕೂತು ಉಣ್ಣಿ. ಊಟ ರುಚಿಯಾಗಿ ಕಾಣಬೇಕು, ಪಕ್ಕದಲ್ಲಿ ಕೂತವರ ಮುಖ ಬಾಡಿದಂತೆ ಕಾಣಬಾರದು. ನನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮದು ರೆಡ್ ಆಕ್ಸೈಡ್ ನೆಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಇನ್ನೂ ಉಳಿದಿದೆ. ಕೆಂಪು ಮತ್ತು ಹಸಿರು ಬಣ್ಣಚಕ್ರದಲ್ಲಿ ಎದುರುಬದುರು, ಹತ್ತಿರ ಬಂದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಅಲ್ಲಿಗೆ ಗಿಳಿಹಸಿರು ಬಳಿದರೆ ಕಣ್ಣಿಗೆ ಹೊಡೆಯುತ್ತದೆ. ಬೂದು ಬೆರೆತ ಹಸಿರು, ಅಂದರೆ ನೆರಳಲ್ಲಿ ಒಣಗಿಸಿದ ಕರಿಬೇವಿನ ಬಣ್ಣ ಚೆನ್ನಾಗಿ ಒಪ್ಪುತ್ತದೆ. ಕೆಂಪು ನೆಲ ಇರುವವರು ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ, ಇಂಥ ಹಸಿರಿಗೆ ಅದಕ್ಕಿಂತ ಒಳ್ಳೇ ಜೊತೆ ಇಲ್ಲ. ಬಿಳಿ ಟೈಲ್ಸಿನ ಫ್ಲಾಟುಗಳಿಗೆ ಕಡುಹಸಿರೂ ನಡೆಯುತ್ತದೆ, ನೆಲವೇ ಬೆಳಕನ್ನು ತಿರುಗಿಸಿ ಕೊಡುತ್ತದೆ.

ನಾಲ್ಕೂ ಗೋಡೆಗೆ ಬೇಡ. ಮೇಜಿನ ಪಕ್ಕದ ಉದ್ದನೆಯ ಗೋಡೆಗೆ ಒಂದಕ್ಕೇ ಸಾಕು, ಉಳಿದವು ಕೆನೆಬಿಳಿ ಇರಲಿ. 10 ಅಡಿ ಉದ್ದ, 9 ಅಡಿ ಎತ್ತರದ ಗೋಡೆಗೆ ಎರಡು ಕೋಟ್ ಹೊಡೆಯಲು ಎರಡು ಲೀಟರ್ ಎಮಲ್ಷನ್ ಬಣ್ಣ ಸಾಕಾಗುತ್ತದೆ. ಸಾರಿನ ಹನಿ ಸಿಡಿಯುವ ಜಾಗ ಇದು, ಆದ್ದರಿಂದ ಒರೆಸಿದರೆ ಹೋಗುವಂಥ, ತುಸು ಹೊಳಪಿನ ಬಣ್ಣವನ್ನೇ ಕೇಳಿ. ವಾಶ್ ಬೇಸಿನ್ ಹಿಂದೆ ಗೋಡೆ ಒದ್ದೆಯಾಗುತ್ತಿದ್ದರೆ ಮೊದಲು ಪ್ಲಂಬರನ್ನು ಕರೆಸಿ, ಗೋಡೆ ಒಣಗಲು ಬಿಡಿ. ತೇವದ ಮೇಲೆ ಬಳಿದ ಬಣ್ಣ ಉಬ್ಬಿ ಉದುರುತ್ತದೆ. ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಂಡರೆ ಮಳೆಯ ಕಾಟ ಕಡಿಮೆ.

ಬಟ್ಟೆ, ಪಾತ್ರೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೋಡೆಗಿಂತ ಒಂದು ಛಾಯೆ ಗಾಢವಾದ ಹತ್ತಿ ಬಟ್ಟೆಯನ್ನು ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ತಂದು ಅಂಚು ಹೊಲಿಸಿದರೆ ಮೇಜಿನ ಹಾಸು ಆಯಿತು. ಹಿತ್ತಾಳೆಯ ಚೊಂಬು ಒಂದಿದ್ದರೆ ಹೊರಗೆ ಇಡಿ, ಹಸಿರಿನ ಮುಂದೆ ಅದು ಬಹಳ ಚೆಂದ.

ಗಿಡಗಳ ಹಸಿರು ಬೇಕೆಂದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಬಾಟಲಿಯಲ್ಲಿ ಬೆಳೆಸುವವರು ವಾರಕ್ಕೊಮ್ಮೆಯಾದರೂ ನೀರು ಬದಲಿಸಲೇಬೇಕು, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಈ ಎರಡರ ಎಲೆಯೂ ಬಾಯಿಗೆ ಹೋಗಬಾರದು. ಪುಟ್ಟ ಮಕ್ಕಳಿದ್ದರೆ ಎತ್ತರದಲ್ಲಿಡಿ.

ಕೆಲಸ ಮುಗಿದ ದಿನ ಡಬ್ಬಿ ಮೇಲಿನ ಶೇಡ್ ನಂಬರನ್ನು ಲಾಫ್ಟ್ ಬಾಗಿಲಿನ ಒಳಗಡೆ ಬರೆದಿಡಿ. ಉಳಿದ ಬಣ್ಣವನ್ನು ಗಾಳಿಯಾಡದ ಹಾಗೆ ಮುಚ್ಚಿ ಅಲ್ಲೇ ಎತ್ತಿಡಿ. ಕುರ್ಚಿಯ ಬೆನ್ನು ತಾಗಿ ಗೋಡೆ ಗೀಚಿದಾಗ ಬೇಕಾಗುತ್ತದೆ.