ಹಾಡಿಲಿ ಬಿಸಿನೆಸ್ ಕಟ್ಟೋರಿಗೆ: ಮೊದಲು ತಕ್ಕಡಿ, ಆಮೇಲೆ ರಿಜಿಸ್ಟ್ರೇಷನ್

ತಿಂಗಳಿಗೆ ಒಬ್ರಾದ್ರೂ ಫೋನ್ ಮಾಡ್ತಾರೆ. "ಅಕ್ಕ, ನಾವೂ ಇಲ್ಲಿನ ಆದಿವಾಸಿಗಳಿಗೆ, ಜೇನುಕುರುಬರಿಗೋ ಎರವರಿಗೋ ಏನಾದ್ರೂ ಒಂದು ಸೋಶಿಯಲ್ ಎಂಟರ್‌ಪ್ರೈಸ್ ಮಾಡ್ಬೇಕು ಅಂತಿದೀವಿ, ಟ್ರಸ್ಟ್ ಮಾಡ್ಸೋದಾ, ಕಂಪನಿ ಮಾಡ್ಸೋದಾ?" ಮಾಲು ಯಾರು ತಗೋತಾರೆ, ತಂದು ಕೊಟ್ಟೋರಿಗೆ ಯಾವತ್ತು ದುಡ್ಡು ಕೊಡ್ತೀರಾ ಅಂತ ನಾನು ತಿರುಗಿ ಕೇಳಿದ್ರೆ ಆ ಕಡೆ ಸುಮ್ಮನಾಗ್ತಾರೆ. ಪ್ರತಿಯೊಬ್ರಿಗೂ ಫೋನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೀತಿದೀನಿ. ಕೊಡಗಿನ ತಿತಿಮತಿ ಕಡೆ ಒಂದು ಹಾಡಿಯ, ಅಂದ್ರೆ ಆದಿವಾಸಿ ಕೇರಿಯ, ಹೆಂಗಸರ ಜೊತೆ ಜೇನುತುಪ್ಪ, ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡೋ ಕಪ್ಪು ಹುಳಿ) ಮಾಡ್ತಾ ಮಾಡ್ತಾ ಕಲಿತಿದ್ದು, ತಪ್ಪು ಮಾಡಿ ಕಲಿತಿದ್ದೇ ಜಾಸ್ತಿ.

ಮೊದಲು ಕ್ಯಾಲೆಂಡರ್ ನೋಡ್ಕೊಳ್ಳಿ, ನಿಮ್ದಲ್ಲ, ಅವರದ್ದು. ಕೊಡಗಲ್ಲಿ ನವೆಂಬರಿಂದ ಅರೇಬಿಕಾ ಕುಯ್ಲು ಶುರು, ಅದು ಮುಗಿಯೋ ಹೊತ್ತಿಗೆ ರೊಬಸ್ಟಾ, ಅದು ಮಾರ್ಚ್ ತನಕ ಎಳೆಯತ್ತೆ, ಮಧ್ಯದಲ್ಲಿ ಮೆಣಸು ಬೇರೆ. ಆ ಟೈಮಲ್ಲಿ ಕೆಜಿ ಲೆಕ್ಕದಲ್ಲಿ ಕುಯ್ಯೋರಿಗೆ ಕೈತುಂಬ ದುಡ್ಡು ಸಿಗೋ ದಿನಗಳು, ಯಾರೂ ನಿಮ್ಮ ಟ್ರೈನಿಂಗಿಗೆ ಬರಲ್ಲ. ನಾನು ಮೊದಲನೇ ವರ್ಷ ಜನವರಿಯಲ್ಲಿ ಮೀಟಿಂಗ್ ಇಟ್ಟು, ಇಪ್ಪತ್ತು ಜನಕ್ಕೆ ಅಂತ ಉಪ್ಪಿಟ್ಟು ಮಾಡ್ಸಿ, ಹಾಡಿಗೆ ಹೋಗಿ ನೋಡಿದ್ರೆ ಒಬ್ಬರು ಅಜ್ಜಿ, ಎರಡು ನಾಯಿ, ಮೂರು ಮಕ್ಕಳು. ಅಜ್ಜಿ ಹೇಳಿದ್ದು ಇಷ್ಟೇ, "ಎಲ್ಲಾ ಕಾಪಿ ಕುಯ್ಯಕ್ಕೆ ಹೋಗವ್ರೆ, ಮಳೆಗೆ ಬಾ ಅಕ್ಕ, ಆಗ ಎಲ್ಲಾರೂ ಮನೇಲೇ ಇರ್ತಾರೆ."

ಆ ಮಾತಲ್ಲೇ ಇಡೀ ಪ್ಲಾನ್ ಇತ್ತು. ಜೂನಿಂದ ಸೆಪ್ಟೆಂಬರ್ ತನಕ ಮಳೆ ಹಿಡಿದ್ರೆ ತೋಟದ ಕೆಲಸ ಇಳಿಯತ್ತೆ, ಬಟವಾಡೆ ಕಮ್ಮಿ ಆಗತ್ತೆ, ಅಂಗಡಿ ಸಾಲ ಏರತ್ತೆ, ತೋಟದ ಲೈನ್ ಮನೇಲಿರೋ ಕೂಲಿಯೋರು ರೈಟರ್ (ತೋಟದ ಗುಮಾಸ್ತ) ಹತ್ರ ಅಡ್ವಾನ್ಸ್ ತಗೋತಾರೆ. ಹಂಗೆ ತಗೊಂಡಿದ್ದನ್ನ ಮುಂದಿನ ಕುಯ್ಲಲ್ಲಿ ಮುರ್ಕೊಂಡು ಹೋಗ್ತಾರೆ. ನಿಮ್ಮ ಬಿಸಿನೆಸ್ ಆ ನಾಲ್ಕು ತಿಂಗಳಲ್ಲಿ ಕೈಗೆ ಕಾಸು ಕೊಟ್ರೆ ಮಾತ್ರ ಅವರಿಗೆ ಅದರಿಂದ ಉಪಯೋಗ, ಇಲ್ಲಾಂದ್ರೆ ಅದು ನಿಮ್ಮ ಫೋಟೋಗೆ ಮಾಡಿದ ಬಿಸಿನೆಸ್ ಅಷ್ಟೇ. ಜೇನು ಇಲ್ಲಿ ಚೆನ್ನಾಗಿ ಹೊಂದಿಕೊಳ್ಳತ್ತೆ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟು, ಏಪ್ರಿಲಿಂದ ಮಳೆ ಹಿಡಿಯೋ ತನಕ ಜೇನುತುಪ್ಪ ಬರತ್ತೆ, ಸೋಸಿ ಬಾಟಲಿಗೆ ತುಂಬಿ ಲೇಬಲ್ ಹಚ್ಚೋ ಕೆಲಸ ಮಳೆಗಾಲಕ್ಕೆ ಸಿಗತ್ತೆ.

ಈಗ ದುಡ್ಡಿನ ಮಾತು, ಇಲ್ಲಿ ಸ್ವಲ್ಪ ನಿಧಾನ ಓದಿ. ಸಂತೆ ವ್ಯಾಪಾರಿ ರೇಟ್ ಕಮ್ಮಿ ಕೊಡ್ತಾನೆ, ತೂಕದಲ್ಲೂ ಹೊಡೀತಾನೆ, ಎಲ್ಲಾ ನಿಜ, ಆದ್ರೂ ಜನ ಅವನಿಗೇ ಯಾಕೆ ಕೊಡ್ತಾರೆ ಅಂದ್ರೆ ಅವನು ತಕ್ಕಡಿ ಇಳಿಸೋ ಮೊದಲೇ ದುಡ್ಡು ಎಣಿಸ್ತಾನೆ, ಮಗುಗೆ ಜ್ವರ ಅಂದ್ರೆ ರಾತ್ರಿ ಐನೂರು ಕೊಡ್ತಾನೆ. ನೀವು ಕೆಜಿಗೆ ನೂರು ರೂಪಾಯಿ ಜಾಸ್ತಿ ಕೊಡ್ತೀನಿ, ಆದ್ರೆ ಮಾರಾಟ ಆದ್ಮೇಲೆ ಅಂದ್ರೆ ಸೋತ್ರಿ. ಅದಕ್ಕೇ ತೂಕದ ದಿನವೇ ದುಡ್ಡು, ಅದೂ ಎಲ್ಲರ ಎದುರು ಎಣಿಸಿ. ಇದಕ್ಕೆ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕಿ. ಉದಾಹರಣೆಗೆ 300 ಕೆಜಿ ತುಪ್ಪ, ಕೆಜಿಗೆ 400 ಅಂದ್ರೆ 1,20,000 ರೂಪಾಯಿ ಎರಡು ತಿಂಗಳಲ್ಲೇ ಹೋಯ್ತು, ಕಾಲು ಕೆಜಿ ಬಾಟಲಿ 1,200 ಬೇಕು, ಒಂದಕ್ಕೆ 20 ಅಂದ್ರೂ 24,000, ಲೇಬಲ್ಲು, ಜೀಪ್ ಬಾಡಿಗೆ ಬೇರೆ. ಇಷ್ಟೂ ದುಡ್ಡು ವಾಪಸ್ ಬರೋಕೆ ದಸರಾ, ದೀಪಾವಳಿ ಟೂರಿಸ್ಟ್ ಸೀಸನ್ ಆಗ್ಬೇಕು. ಅಂದ್ರೆ ಒಂದೂವರೆ ಲಕ್ಷ ಐದಾರು ತಿಂಗಳು ಕಟ್ಟಿಹಾಕೋಕೆ ರೆಡಿ ಇರ್ಬೇಕು. ಮೆಷಿನ್ ತಗೊಳ್ಳೋಕೆ ದಾನಿಗಳು ಸಿಗ್ತಾರೆ, ಬೋರ್ಡ್ ಬರೆಸೋಕಂತೂ ತಾನಾಗೇ ಬರ್ತಾರೆ, ಈ ಕಟ್ಟಿಹಾಕೋ ದುಡ್ಡಿಗೆ ಯಾರೂ ಸಿಗಲ್ಲ, ಬೇಡೋದಾದ್ರೆ ಇದನ್ನೇ ಬೇಡಿ.

ಸಂಘ ಇದ್ರೆ ದಾರಿ ಸುಲಭ. ಸಂಜೀವಿನಿ (ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ) ಅಡಿಯಲ್ಲಿ ಸ್ವಸಹಾಯ ಸಂಘ ಮಾಡಿ, ವಾರ ವಾರ ಮೀಟಿಂಗು, ಉಳಿತಾಯ, ಒಳಗೊಳಗೇ ಸಾಲ, ಕಂತು ಕಟ್ಟೋದು, ಪುಸ್ತಕ ಬರೆಯೋದು, ಈ ಐದು ಸರಿ ಇದ್ರೆ ಬ್ಯಾಂಕ್ ಸಾಲಕ್ಕೆ ಕೇಳಬಹುದು. ಪಿಎಂಎಫ್‌ಎಂಇ ಅನ್ನೋ ಕೇಂದ್ರದ ಸ್ಕೀಮಲ್ಲಿ ಆಹಾರ ಪದಾರ್ಥ ಮಾಡೋ ಸಂಘದ ಸದಸ್ಯರಿಗೆ ತಲಾ 40,000 ತನಕ ಮೂಲ ಬಂಡವಾಳ, ಒಬ್ಬೊಬ್ಬರೇ ಯೂನಿಟ್ ಹಾಕಿದ್ರೆ 35 ಪರ್ಸೆಂಟ್ ಸಬ್ಸಿಡಿ, ಅದು ಜಾಸ್ತಿ ಅಂದ್ರೆ 10 ಲಕ್ಷ, ಹಿಂಗೆ ನಿಯಮ ಇಟ್ಟಿದ್ರು. ಬುಡಕಟ್ಟು ಜನಕ್ಕೆ ವನಧನ ಕೇಂದ್ರ ಅಂತ ಇನ್ನೊಂದು, ಅದಕ್ಕೆ ಸುಮಾರು 300 ಸದಸ್ಯರು, 15 ಸಂಘ ಸೇರ್ಬೇಕಿತ್ತು, 15 ಲಕ್ಷದ ತನಕ ನೆರವು ಇತ್ತು. ಸ್ಕೀಮುಗಳ ಅವಧಿ ಬದಲಾಗ್ತಾ ಇರತ್ತೆ, ಈ ವರ್ಷ ಅರ್ಜಿ ತಗೋತಿದಾರಾ ಅಂತ ಮಡಿಕೇರಿಯ ಐಟಿಡಿಪಿ (ಬುಡಕಟ್ಟು ಕಲ್ಯಾಣ) ಕಚೇರಿಲೂ ಕೃಷಿ ಇಲಾಖೆಲೂ ಕೇಳ್ಕೊಂಡೇ ಹೊರಡಿ. ಒಂದು ಮಾತು, ಸಬ್ಸಿಡಿ ಬರತ್ತೆ ಅನ್ನೋ ನಂಬಿಕೆ ಮೇಲೆ ಒಂದು ಬಾಟಲಿನೂ ಕೊಳ್ಳಬೇಡಿ.

ಮಾಲಿನ ಕ್ವಾಲಿಟಿ ವಿಷಯದಲ್ಲಿ ನನಗೆ ಬಿದ್ದ ಏಟು ಹೇಳ್ತೀನಿ. ಎರಡನೇ ವರ್ಷ ಮಳೆ ಬೇಗ ಹಿಡೀತು, ಹೆಜ್ಜೇನು ತುಪ್ಪ ನೀರಾಗಿ ಬಂತು, ನಾನು ಬಣ್ಣ ನೋಡಿ ಖುಷಿಯಾಗಿ ತುಂಬಿಸ್ಬಿಟ್ಟೆ. ಆಗಸ್ಟಲ್ಲಿ ಒಂದು ಹೋಂಸ್ಟೇಯವರು ಫೋನ್ ಮಾಡಿ, "ನಿಮ್ಮ ಜೇನು ಮುಚ್ಚಳ ಹಾರಿಸ್ತಿದೆ, ಬಂದು ಒಯ್ಯಿ" ಅಂದ್ರು. ಹೋಗಿ ನೋಡಿದ್ರೆ ಬಾಟಲಿ ಬಾಯಲ್ಲಿ ನೊರೆ, ಹುಳಿ ವಾಸನೆ, ಶೆಲ್ಫಿಂದ ಇಳಿದು ಅವರ ಬಿಳಿ ಟೇಬಲ್‌ಕ್ಲಾತ್ ಮೇಲೆ ಇರುವೆ ಸಾಲು. 64 ಬಾಟಲಿ ವಾಪಸ್ ತಂದೆ. ಜೇನಲ್ಲಿ ತೇವಾಂಶ 20 ಪರ್ಸೆಂಟ್ ದಾಟಬಾರದು ಅಂತ ಆಹಾರ ಸುರಕ್ಷತೆ ನೋಡೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ದಾಟಿದ್ರೆ ಹುಳಿ ಬರತ್ತೆ. ಈಗ ತೇವಾಂಶ ಅಳೆಯೋಕೆ ಒಂದು ರಿಫ್ರ್ಯಾಕ್ಟೋಮೀಟರ್ ಇಟ್ಕೊಂಡಿದೀವಿ, ಪೆನ್ನಿನಷ್ಟು ಉದ್ದದ ಕೊಳವೆ, ಗಾಜಿನ ಮೇಲೆ ಒಂದು ತೊಟ್ಟು ಹಾಕಿ ಬೆಳಕಿಗೆ ಹಿಡಿದು ನೋಡೋದು. ಅದನ್ನ ನಾನು ನೋಡಲ್ಲ, ತುಪ್ಪ ತಂದೋರೇ ನೋಡ್ತಾರೆ, ಪಕ್ಕದೋರೂ ನೋಡ್ತಾರೆ, ತೇವಾಂಶ 24 ಬಂದ್ರೆ ಯಾರೂ ಜಗಳಕ್ಕೆ ಬರಲ್ಲ. ಜೇನಿನ ಎರಿಯಲ್ಲಿ ಮೇಣ ಮುಚ್ಚಿದ ಮೇಲೆ ಕುಯ್ದ್ರೆ ತುಪ್ಪ ಗಟ್ಟಿ ಇರತ್ತೆ ಅನ್ನೋದು ಅವರಿಗೆ ನನಗಿಂತ ಚೆನ್ನಾಗೇ ಗೊತ್ತು, ವ್ಯಾಪಾರಿ ಗಟ್ಟಿಗೂ ನೀರಿಗೂ ಒಂದೇ ರೇಟ್ ಕೊಡ್ತಿದ್ದಾಗ ಕಾಯೋದು ಯಾಕೆ? ಗಟ್ಟಿಗೆ ಬೇರೆ ರೇಟ್ ಇಟ್ಟ ವರ್ಷವೇ ಸರಿಹೋಯ್ತು.

ಕಾಡಿನ ಜೇನಾದ್ರೆ ಕಾನೂನೂ ನೋಡ್ಕೊಳ್ಳಿ. 2006ರ ಅರಣ್ಯ ಹಕ್ಕು ಕಾಯ್ದೆಲಿ ಜೇನು, ಮೇಣ, ಬಿದಿರು ಎಲ್ಲಾ ಕಿರು ಅರಣ್ಯ ಉತ್ಪನ್ನದಲ್ಲೇ ಬರತ್ತೆ, ಸಂಗ್ರಹಿಸಿ ಮಾರೋ ಹಕ್ಕಿದೆ, ಆದ್ರೆ ಹಾಡಿಗೆ ಸಮುದಾಯ ಹಕ್ಕುಪತ್ರ ಕೈಗೆ ಬಂದಿದೆಯಾ ಅನ್ನೋದು ಬೇರೆ ಮಾತು, ಅರಣ್ಯ ಇಲಾಖೆ ಗೇಟಲ್ಲಿ ಕೇಳೋದು ಅದನ್ನೇ. ಇಲ್ಲಾಂದ್ರೆ ಪೆಟ್ಟಿಗೆ ಜೇನೂ ಜೊತೆಗಿರ್ಲಿ. ಪೆಟ್ಟಿಗೆ ಒಂದನ್ನೇ ನಂಬಬೇಡಿ, 1990ರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನು (ಪೆಟ್ಟಿಗೆಲಿ ಸಾಕೋ ಜಾತಿ) ಗೂಡುಗಟ್ಟಲೆ ಖಾಲಿಯಾಗಿದ್ದನ್ನ ಇಲ್ಲಿನ ಹಳೇ ಜೇನು ಸಾಕೋರು ಇವತ್ತೂ ಹೇಳ್ತಾರೆ.

ಮಾರೋದು ಹೋಂಸ್ಟೇಗೆ ಅಂದ್ರೆ ಸುಲಭ ಅನ್ಸತ್ತೆ, ಆದ್ರೆ ತಿಂಗಳುಗಟ್ಟಲೆ ಬಾಕಿ ಇಡ್ತಾರೆ. ಹತ್ತು ಬಾಟಲಿ ಇಟ್ಟು, ಅದರ ದುಡ್ಡು ಬಂದ್ಮೇಲೆ ಮುಂದಿನ ಹತ್ತು ಕೊಡಿ, ಮುಖ ನೋಡಬೇಡಿ. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್, ತೂಕ, ಬ್ಯಾಚು, ತಾರೀಕು, ಎಂಆರ್‌ಪಿ, ವಿಳಾಸ ಇರ್ಲೇಬೇಕು. ಸಣ್ಣವರಿಗೆ ಬೇಸಿಕ್ ರಿಜಿಸ್ಟ್ರೇಷನ್ ಇದೆ, ಆನ್‌ಲೈನಲ್ಲೇ ಆಗತ್ತೆ. "ಬಡ ಆದಿವಾಸಿ ಮಹಿಳೆಯರಿಗೆ ಸಹಾಯ ಮಾಡಿ" ಅಂತ ಮಾತ್ರ ಬರೆಸಬೇಡಿ, ಒಂದ್ಸಲ ಪಾಪ ಅಂತ ತಗೊಂಡೋರು ಎರಡನೇ ಸಲ ಬರಲ್ಲ, ರುಚಿಗೆ ಬಂದೋರು ಬರ್ತಾರೆ.

ರಿಜಿಸ್ಟ್ರೇಷನ್ ಈಗ. ಒಂದೆರಡು ಸೀಸನ್ ಸಂಘದ ಹೆಸರಲ್ಲೇ ನಡೆಸಿ, ಏನೂ ಆಗಲ್ಲ. ಆಮೇಲೆ ಲಾಭ ಯಾರಿಗೆ ಹೋಗ್ಬೇಕು ಅಂತ ಕೇಳ್ಕೊಳ್ಳಿ. ಟ್ರಸ್ಟು, ಸೆಕ್ಷನ್ 8 ಕಂಪನಿ (ಲಾಭಕ್ಕಲ್ಲದ ಕಂಪನಿ) ಆದ್ರೆ ದೇಣಿಗೆ ತಗೊಳ್ಳೋಕೆ ಅನುಕೂಲ, ಆದ್ರೆ ಲಾಭ ಹಂಚಂಗಿಲ್ಲ. ಪ್ರೊಡ್ಯೂಸರ್ ಕಂಪನಿ (ಉತ್ಪಾದಕರೇ ಮಾಲೀಕರಾಗಿರೋ ಕಂಪನಿ) ಆದ್ರೆ ಹತ್ತು ಜನ ಉತ್ಪಾದಕರು ಸಾಕು, ಯಾರ ಶೇರ್ ಎಷ್ಟಿದ್ರೂ ಒಬ್ಬರಿಗೆ ಒಂದೇ ಓಟು, ಎಷ್ಟು ಮಾಲು ಹಾಕಿದ್ರೋ ಅದಕ್ಕೆ ತಕ್ಕ ಬೋನಸ್ ಕೊಡಬಹುದು. ನನ್ನ ಓಟು ಅದಕ್ಕೇ. ಪಕ್ಕದ ನೀಲಗಿರಿಯಲ್ಲಿ ಆದಿಮಲೈ ಪಳಂಗುಡಿಯಿನರ್ ಅಂತ ಆದಿವಾಸಿಗಳದ್ದೇ ಪ್ರೊಡ್ಯೂಸರ್ ಕಂಪನಿ ಇದೆ, 2013ರದ್ದು, ಜೇನು, ಕಾಫಿ, ಮೆಣಸು ಮಾಡ್ತಾರೆ, 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರೈಜ್ ಬಂತು. ಅವರ ಹಿಂದೆ ಕೋಟಗಿರಿಯ ಕೀಸ್ಟೋನ್ ಫೌಂಡೇಶನ್ 1993ರಿಂದ ಕೂತಿದೆ ಅನ್ನೋದನ್ನೂ ನೋಡಿ, ಇಪ್ಪತ್ತು ವರ್ಷ ಆದ್ಮೇಲೆ ಕಂಪನಿ ಆಗಿದ್ದು. ನಮ್ಮೋರು ಆರು ತಿಂಗಳಿಗೇ ರಿಬ್ಬನ್ ಕತ್ತರಿಸ್ತಾರೆ.

ಬೆಳೆಸೋ ವಿಚಾರಕ್ಕೆ ಬಂದ್ರೆ, ಬೆಂಗಳೂರಿಂದ ಒಂದು ದೊಡ್ಡ ಆರ್ಡರ್ ಬರತ್ತೆ ನೋಡಿ, ಅಲ್ಲೇ ಕೈ ಜಾರೋದು. ನಮ್ಮ ಹತ್ರ 300 ಕೆಜಿ, ಅವರು ಕೇಳಿದ್ದು ಒಂದು ಟನ್. ಹೊರಗಿಂದ ತಂದು ಬೆರೆಸಿ ಕೊಡೋಣ ಅಂತ ಬುದ್ಧಿ ಹೇಳೋರು ಸುತ್ತ ಇರ್ತಾರೆ, ಬೇಡ ಅಂದೆ, ಆರ್ಡರ್ ಹೋಯ್ತು. ಅದರ ಬದಲು ಪಕ್ಕದ ಎರಡು ಹಾಡಿಗೆ ಒಂದೊಂದು ತಕ್ಕಡಿ ಕೊಟ್ವಿ, ಓದಿದ ಒಬ್ಬೊಬ್ಬ ಹುಡುಗಿಗೆ ಲೆಕ್ಕ ಕಲಿಸಿದ್ವಿ, ಕಾಚಂಪುಳಿ ಸೇರಿಸಿದ್ವಿ, ಪಂದಿ ಕರಿ (ಕೊಡಗಿನ ಹಂದಿ ಸಾರು) ಮಾಡೋ ಮನೆ ಇರೋ ತನಕ ಅದಕ್ಕೆ ಗಿರಾಕಿ ಇದ್ದೇ ಇರ್ತಾರೆ. ಅದು ಕುದ್ದು ಕಪ್ಪಾಗಿ ಗಟ್ಟಿಯಾಗೋಕೆ ಗಂಟೆಗಟ್ಟಲೆ ಸೌದೆ ಬೇಕು, ಸೌದೆ ಖರ್ಚು ಬರ್ಕೊಳ್ಳೋದು ಮರೀಬೇಡಿ, ನಾವು ಮರೆತಿದ್ವಿ.

ಕೊನೇದು, ಚೆಕ್ ಮೇಲೆ ಯಾರ ಸಹಿ. ಮೂರು ವರ್ಷ ನಂದೂ ಒಂದು ಸಹಿ ಇತ್ತು, ನಾನು ಮೈಸೂರಲ್ಲಿದ್ರೆ ಹಾಡಿಲಿ ತೂಕ ನಿಲ್ತಿತ್ತು. ಹೋದ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಕೊಡವ ಮಳೆ ತಿಂಗಳು) ನನ್ನ ಹೆಸರು ತೆಗೆಸಿ ಸಂಘದ ಇಬ್ಬರದ್ದು ಹಾಕಿಸಿದ್ವಿ. ಬ್ಯಾಂಕಿಗೆ ಆ ಮಳೇಲಿ ಮೂರು ಸಲ ಓಡಾಟ, ಒಂದ್ಸಲ ಠರಾವಲ್ಲಿ ತಾರೀಕಿಲ್ಲ, ಇನ್ನೊಂದ್ಸಲ ಆಧಾರಲ್ಲಿರೋ ಹೆಸರಿಗೂ ಪಾಸ್‌ಬುಕ್ಕಲ್ಲಿರೋ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ. ಹೋಗೋ ಮೊದಲು ಹೆಸರು ಹೊಂದಿಸಿ ನೋಡಿ, ಠರಾವು, ಆಧಾರ್, ಫೋಟೋ ಎರಡೆರಡು ಸೆಟ್ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋಗಿ.