ನಿಷೇಧಕ್ಕೊಳಗಾದ ಪತ್ರಿಕೆಯ ಮೊಕದ್ದಮೆಯನ್ನು ಹುಡುಕಿ ಬರೆಯುವ ಬಗೆ

ಬಳ್ಳಾರಿಯ ವಕೀಲರೊಬ್ಬರ ಬಳಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಹಳೆಯ ಪತ್ರಿಕೆಗಳ ಚರಿತ್ರೆ ಬರೆಯಹೊರಟ ಕಾಲೇಜು ಹುಡುಗರು ಈಗಲೂ ಮನೆಗೆ ಬರುತ್ತಾರೆ. ಬಹುತೇಕರ ಹಾಳೆಯಲ್ಲಿ ಒಂದೇ ಸಾಲು: ‘ಸರ್ಕಾರ ಪತ್ರಿಕೆಯನ್ನು ನಿಷೇಧಿಸಿತು.’ ಯಾವ ಸರ್ಕಾರ, ಯಾವ ಸೀಮೆಯಲ್ಲಿ, ಯಾವ ಕಲಮಿನಡಿ, ಯಾವತ್ತಿನಿಂದ? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಆ ಸಾಲು ಬರೆಯಬೇಡಿ.

ಮೊದಲು ನಕ್ಷೆ ನೋಡಿ, ಅದೂ ಆ ವರ್ಷದ್ದು. ಉದಾಹರಣೆಗೆ, ‘ಕ್ರಾಸ್ ರೋಡ್ಸ್’ ಎಂಬ ಎಡಪಂಥದ ಇಂಗ್ಲಿಷ್ ವಾರಪತ್ರಿಕೆ ಬೊಂಬಾಯಿಯಿಂದ ಹೊರಡುತ್ತಿತ್ತು. ಸಂಪಾದಕ, ಮುದ್ರಕ, ಪ್ರಕಾಶಕ ಮೂರೂ ರೊಮೇಶ್ ಥಾಪರ್ ಅವರೇ. 1950ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆ ತಡೆ ಹಾಕಿತು. ಇದು ಮದ್ರಾಸಿನ ಕಥೆ ಎಂದುಕೊಂಡು ನಮ್ಮವರು ಪುಟ ಮಗುಚುತ್ತಾರೆ. ಬಳ್ಳಾರಿ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತಲ್ಲ! ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಆ ಪತ್ರಿಕೆ ಮಾರಿದರೆ ಆಜ್ಞೆ ಮೀರಿದಂತೆ. ತುಂಗಭದ್ರೆ ದಾಟಿ ಹೈದರಾಬಾದ್ ಸೀಮೆಯ ಮುನಿರಾಬಾದಿನಲ್ಲಿ ಮಾರಿದವನಿಗೆ ಆ ಆಜ್ಞೆ ತಗಲುತ್ತಿರಲಿಲ್ಲ.

ಆಮೇಲೆ ಗೆಜೆಟ್, ಅಂದರೆ ಸರ್ಕಾರದ ಆದೇಶಗಳು ಅಚ್ಚಾಗುವ ರಾಜ್ಯಪತ್ರ. ಇಲ್ಲಿ ಅವಸರ ಬೇಡ. ಮದ್ರಾಸಿನ ಆದೇಶಕ್ಕೆ 1950ರ ಮಾರ್ಚ್ 1ರ ತಾರೀಖಿದೆ, ಆಧಾರ 1949ರ ಸಾರ್ವಜನಿಕ ಸುವ್ಯವಸ್ಥಾ ಪಾಲನೆ ಕಾಯಿದೆಯ ಕಲಂ 9(1-ಎ). ಆದರೆ ಒಕ್ಕಣೆಯನ್ನು ಬೆರಳಿಟ್ಟು ಓದಿ: ಮದ್ರಾಸ್ ಸರ್ಕಾರದ ‘ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್’ನಲ್ಲಿ ಪ್ರಕಟವಾದ ದಿನದಿಂದ ಎಂದಿದೆ. ಸಹಿಯ ದಿನವೇ ಬೇರೆ, ಜಾರಿಯ ದಿನವೇ ಬೇರೆ. ಬೇರೊಂದು ದಾವೆಯಲ್ಲಿ ನಾನು ಹೀಗೆಯೇ ಸಹಿಯ ತಾರೀಖು ಹಿಡಿದು ಟಿಪ್ಪಣಿ ಬರೆದಿದ್ದೆ. ನಮ್ಮ ವಕೀಲರು ಕೆಂಪು ಶಾಯಿಯಲ್ಲಿ ಅದನ್ನು ಸುತ್ತಿ, ಒಂದು ಮಾತೂ ಆಡದೆ ಮೇಜಿನ ಮೇಲಿಟ್ಟು ಹೋದರು. ಆ ಹಾಳೆ ಇನ್ನೂ ನನ್ನಲ್ಲಿದೆ. ಇನ್ನೊಂದು ಮಾತು: ಪ್ರವೇಶ ನಿಷೇಧ, ಪ್ರತಿಗಳ ಮುಟ್ಟುಗೋಲು, ಠೇವಣಿ ಕೇಳುವುದು, ರಾಜದ್ರೋಹದ ಮೊಕದ್ದಮೆ ಇವು ನಾಲ್ಕೂ ಬೇರೆ ಬೇರೆ. ಬೆರೆಸಬೇಡಿ.

ತೀರ್ಪು ಹುಡುಕುವುದು ಸುಲಭ. ವಕೀಲರ ಸಂಘದ ಗ್ರಂಥಾಲಯದಲ್ಲಿ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಎಂಬ ತೀರ್ಪುಗಳ ಸಂಗ್ರಹ) ಸಂಪುಟ ಕೇಳಿ: 1950, ಸುಪ್ರೀಂ ಕೋರ್ಟ್, ಪುಟ 124. ತಲೆಬರಹದ ಸಾರಾಂಶವನ್ನು ನಂಬಿ ಎದ್ದು ಬರಬೇಡಿ. ಥಾಪರ್ ಹೈಕೋರ್ಟಿಗೆ ಹೋಗದೆ, ಮೂಲಭೂತ ಹಕ್ಕಿಗಾಗಿ ಮೊರೆಹೋಗಲು ಅವಕಾಶ ಕೊಡುವ ಸಂವಿಧಾನದ ವಿಧಿ 32ರಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮದ್ರಾಸಿನ ಪರ ವಕೀಲರು ಅದಕ್ಕೇ ಆಕ್ಷೇಪ ಎತ್ತಿದರು, ನ್ಯಾಯಾಲಯ ಒಪ್ಪಲಿಲ್ಲ. ಸಂವಿಧಾನ ಜಾರಿಯಾಗಿ ಸರಿಯಾಗಿ ನಾಲ್ಕು ತಿಂಗಳಿಗೆ, ಮೇ 26ರಂದು, ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ ಬಹುಮತದ ತೀರ್ಪು ಕೊಟ್ಟರು. ಹಂಚುವ ಸ್ವಾತಂತ್ರ್ಯವಿಲ್ಲದಿದ್ದರೆ ಅಚ್ಚು ಹಾಕುವ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ ಎಂಬುದು ಅದರ ತಿರುಳು. ಸಾರ್ವಜನಿಕ ಸುವ್ಯವಸ್ಥೆ ಕೆಟ್ಟಿತೆಂಬ ಮಾತ್ರಕ್ಕೆ ರಾಜ್ಯದ ಭದ್ರತೆಗೆ ಧಕ್ಕೆ ಬಂದಂತಲ್ಲ ಎಂದು ಆ ಕಲಮನ್ನೇ ಅಸಿಂಧು ಮಾಡಿದರು. ಆ ಪುಟಗಳನ್ನು ಓದುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಕಾಯಿದೆಯ ಪರ ನಿಂತ ನ್ಯಾಯಮೂರ್ತಿ ಫಜಲ್ ಅಲಿಯವರ ಭಿನ್ನಮತವನ್ನು ಬಿಡದೆ ಓದಿ. ಏಕೆಂದರೆ ಕಥೆ ಗೆಲುವಿಗೆ ನಿಲ್ಲಲಿಲ್ಲ. ಸಂವಿಧಾನದ 1951ರ ಮೊದಲ ತಿದ್ದುಪಡಿ, ಮಾತಿನ ಸ್ವಾತಂತ್ರ್ಯಕ್ಕೆ ಯಾವ ಕಾರಣಗಳಿಗೆ ಮಿತಿ ಹಾಕಬಹುದೆಂದು ಹೇಳುವ ವಿಧಿ 19(2)ಕ್ಕೆ ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು ಸೇರಿಸಿತು, ಜೊತೆಗೆ ನಿರ್ಬಂಧ ‘ಯುಕ್ತ’ವಾಗಿರಬೇಕೆಂಬ ಪದವನ್ನೂ ಇಟ್ಟಿತು. ಆ ಒಂದು ಪದದ ಮೇಲೆ ಇಂದಿಗೂ ವಾದ ನಡೆಯುತ್ತದೆ. ಪತ್ರಿಕೆ ಗೆದ್ದಿತು ಎಂದಷ್ಟೇ ಬರೆದರೆ ಅರ್ಧ ಬರೆದಂತೆ.

ನಿಮ್ಮ ಊರಿನ ಪತ್ರಿಕೆಯಾದರೆ, ಹಳೆಯ ಸಂಚಿಕೆ ಕೈಗೆ ಬಂದ ಕೂಡಲೇ ಅಗ್ರಲೇಖನಕ್ಕೆ ಹೋಗಬೇಡಿ. ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಮುದ್ರಣಾಲಯದ ಹೆಸರುಗಳಿರುತ್ತವೆ. ಸಮನ್ಸ್ ಹೋಗುತ್ತಿದ್ದುದು ಆ ಹೆಸರುಗಳಿಗೆ. ಗೆದ್ದಲು ಮೊದಲು ತಿನ್ನುವುದೂ ಆ ಅಂಚನ್ನೇ. ಅದರ ಚಿತ್ರವನ್ನು ಅಂದೇ ಮೊಬೈಲಿನಲ್ಲಿ ತೆಗೆದುಕೊಳ್ಳಿ.