ಮೀಡಿಯಾದಲ್ಲಿ ಗ್ಲಿಸರಾಲ್ ಇದ್ದರೆ ಹಿಟ್ ನಂಬಬೇಡಿ

ಬೆಂಗಳೂರಿನ ಲ್ಯಾಬಿನಲ್ಲಿ ನಾನು ಕ್ಷಯಕ್ಕೆ ಹೊಸ ಔಷಧ ಹುಡುಕುತ್ತೇನೆ. ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ ನಾವು ಮೀಡಿಯಾ ಅನ್ನುತ್ತೇವೆ, ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆದ ಸಂಯುಕ್ತಕ್ಕೆ ಹಿಟ್. ಇಲ್ಲಿಗೆ ಸೇರುವ ಮುಂಚೆ ನಾನು ಕಿಣ್ವಗಳ ಮೇಲೆ ಕೆಲಸ ಮಾಡಿದವಳು. ಕಿಣ್ವವನ್ನು ಜೋರಾಗಿ ತಡೆಯುವ ಸಂಯುಕ್ತ ಸಿಕ್ಕರೆ ಖುಷಿಯೋ ಖುಷಿ. ಅದನ್ನೇ ಜೀವಂತ ಕ್ಷಯದ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ. ಮೈಕೊಲಿಕ್ ಆಮ್ಲದ ಮೇಣದಂಥ ಗೋಡೆ ದಾಟಿ ಒಳಗೆ ಹೋದರೆ ತಾನೇ! ಕ್ಷಯದ ಔಷಧ ಬೆಡಾಕ್ವಿಲಿನ್ ಸಿಕ್ಕಿದ್ದೂ ಜೀವಂತ ಬ್ಯಾಕ್ಟೀರಿಯಾದ ಮೇಲೆ ನೇರವಾಗಿ ಪರೀಕ್ಷೆ ಮಾಡಿದ್ದರಿಂದ. ಅದು ಬ್ಯಾಕ್ಟೀರಿಯಾಕ್ಕೆ ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್ ಕಿಣ್ವವನ್ನು ತಡೆಯುತ್ತದೆ ಅನ್ನುವುದು ಆಮೇಲೆ ಗೊತ್ತಾದ ಸಂಗತಿ. ಹಾಗಾಗಿ ನಾನೂ ಆ ದಾರಿ ಹಿಡಿದೆ.

ಮೊದಲ ಸುತ್ತಿಗೆ ಕ್ಷಯದ ಬ್ಯಾಕ್ಟೀರಿಯಾದ ರೋಗ ತರದ ತಳಿ ಎಚ್37ಆರ್‌ಎ. ಅದರಲ್ಲಿ ಗೆದ್ದು ಉಳಿದ ಸಂಯುಕ್ತಗಳಿಗೆ ಮಾತ್ರ, ಬಿಗಿ ಸುರಕ್ಷತೆಯ ಬಿಎಸ್‌ಎಲ್-3 ಲ್ಯಾಬಿನೊಳಗೆ, ರೋಗ ತರುವ ಎಚ್37ಆರ್‌ವಿ. 7ಎಚ್9 ಮೀಡಿಯಾಕ್ಕೆ ಸೋಪಿನಂಥ ಟ್ವೀನ್ 80 ಹಾಕದಿದ್ದರೆ ಬ್ಯಾಕ್ಟೀರಿಯಾ ಗಂಟುಗಂಟಾಗಿ ಕೂರುತ್ತದೆ, ಪ್ಲೇಟಿನ ಎಲ್ಲ ವೆಲ್‌ಗೂ (ಪುಟ್ಟ ಗುಳಿಗಳಿಗೂ) ಸಮನಾಗಿ ಬೀಳುವುದಿಲ್ಲ. ಈ ಬ್ಯಾಕ್ಟೀರಿಯಾ ಒಂದರಿಂದ ಎರಡಾಗಲು ಸುಮಾರು ಒಂದು ದಿನ ಬೇಕು, ಪ್ಲೇಟ್ 37 ಡಿಗ್ರಿಯಲ್ಲಿ ವಾರಗಟ್ಟಲೆ ಕೂರಬೇಕು. ಅಷ್ಟರಲ್ಲಿ ಅಂಚಿನ ವೆಲ್‌ಗಳು ಆರುತ್ತವೆ. ಅಲ್ಲಿ ಬರೀ ನೀರು ತುಂಬಿಸಿ ಬಿಡುತ್ತೇನೆ. ಕೊನೆಗೆ ರೆಸಾಜುರಿನ್ ಎಂಬ ನೀಲಿ ಬಣ್ಣ ಹಾಕಿದರೆ, ಬ್ಯಾಕ್ಟೀರಿಯಾ ಬದುಕಿದ್ದಲ್ಲಿ ನೀಲಿ ಗುಲಾಬಿಯಾಗುತ್ತದೆ. ಕ್ಷಯದ ಹಳೆಯ ಔಷಧ ರಿಫಾಂಪಿಸಿನ್ ಇರುವ ವೆಲ್ ನೀಲಿಯಾಗೇ ಉಳಿಯಬೇಕು, ಸಂಯುಕ್ತ ಕರಗಿಸುವ ದ್ರವ ಡಿಎಂಎಸ್‌ಒ ಮಾತ್ರ ಇರುವುದು ಗುಲಾಬಿಯಾಗಬೇಕು. ಇವೆರಡು ಸರಿಯಿಲ್ಲದ ಪ್ಲೇಟನ್ನು ನಾನು ಓದುವುದೇ ಇಲ್ಲ.

"ಮೇಡಂ, ಈ ಸಾಲು ಪೂರ್ತಿ ನೀಲಿ!" ಅಂತ ಹೊಸ ಹುಡುಗರು ಓಡಿಬರುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ, ಮೀಡಿಯಾದಲ್ಲಿ ಗ್ಲಿಸರಾಲ್ ಇತ್ತಾ? 2010ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಪಿರಿಮಿಡಿನ್-ಇಮಿಡಾಜೋಲ್ ಗುಂಪಿನ ಸಂಯುಕ್ತಗಳು ಪ್ಲೇಟಿನಲ್ಲಿ ಭರ್ಜರಿಯಾಗಿ ಕೊಂದವು, ಇಲಿಯಲ್ಲಿ ಏನೂ ಮಾಡಲಿಲ್ಲ. ಬ್ಯಾಕ್ಟೀರಿಯಾ ಗ್ಲಿಸರಾಲ್ ತಿನ್ನುತ್ತಿದ್ದಾಗ ಮಾತ್ರ ಅವು ಕೆಲಸ ಮಾಡುತ್ತಿದ್ದವು. ಶ್ವಾಸಕೋಶದಲ್ಲಿ ಅದರ ಊಟವೇ ಬೇರೆ. ಆದ್ದರಿಂದ ಪ್ರತಿ ಹಿಟ್ ಅನ್ನೂ ಗ್ಲಿಸರಾಲ್ ಇಲ್ಲದ ಮೀಡಿಯಾದಲ್ಲಿ ಮತ್ತೆ ಹಾಕಿಸುತ್ತೇನೆ. ಹುಡುಗರ ಮುಖ ಸಪ್ಪೆಯಾಗುತ್ತದೆ, ಆಗಲಿ.

ಇದಕ್ಕೆ ತದ್ವಿರುದ್ಧದ ಕಥೆ ಪೈರಜಿನಮೈಡ್ ಎಂಬ ಔಷಧದ್ದು. ಕ್ಷಯದ ಚಿಕಿತ್ಸೆ ಒಂಬತ್ತು ತಿಂಗಳಿಂದ ಆರಕ್ಕೆ ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ಮಾಮೂಲಿ ಮೀಡಿಯಾದಲ್ಲಿ ಮಾತ್ರ ಅದು ಹೆಚ್ಚುಕಡಿಮೆ ನಿಷ್ಪ್ರಯೋಜಕ, ಪಿಎಚ್ 5.5ರ ಆಸುಪಾಸು ಆಮ್ಲೀಯವಾಗಿದ್ದರೇ ಕೆಲಸ. ನನ್ನ ಮೊದಲ ಸುತ್ತಿನ ಪ್ಲೇಟಿಗೆ ಬಂದಿದ್ದರೆ ಕಸದ ಬುಟ್ಟಿಗೇ ಹೋಗುತ್ತಿತ್ತು!

ಇನ್ನೊಂದು ತಲೆನೋವು, ಹಿಟ್‌ಗಳ ಗುರಿ ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಸಿಗುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟಲು ಬೇಕಾದ ಅವೇ ಎರಡು ಪ್ರೋಟೀನ್, ಡಿಪಿಆರ್‌ಇ1 ಇಲ್ಲವೇ ಎಂಎಂಪಿಎಲ್3. ಹಾಗಂತ ಬಿಸಾಡಬೇಕಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಮನುಷ್ಯರ ಮೇಲಿನ ಪ್ರಯೋಗದವರೆಗೆ ಹೋದ ಟಿಬಿಎ-7371 ಎಂಬ ಸಂಯುಕ್ತ ಕೂಡ ಡಿಪಿಆರ್‌ಇ1 ತಡೆಯುವಂಥದ್ದೇ.

ಈಗ ಮೂರನೇ ಸುತ್ತಾಗಿ ಟಿಎಚ್‌ಪಿ-1 ಎಂಬ ಮನುಷ್ಯರ ಕೋಶಗಳನ್ನು ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಮಾಡಿ, ಅವುಗಳೊಳಗೆ ಬ್ಯಾಕ್ಟೀರಿಯಾ ಸೇರಿಸಿ ಔಷಧ ಕೊಡುತ್ತೇನೆ. ಖರ್ಚು ಜಾಸ್ತಿ, ಅಂಕಿಗಳೂ ಏರುಪೇರು. ಜತೆಗೆ ಸೋಂಕಿಲ್ಲದ ಕೋಶಗಳಿಗೂ ಅದೇ ಸಂಯುಕ್ತ ಹಾಕಿ ನೋಡಲೇಬೇಕು. ಮ್ಯಾಕ್ರೋಫೇಜೇ ಸತ್ತುಹೋದರೆ ಒಳಗಿನ ಬ್ಯಾಕ್ಟೀರಿಯಾ ಕಡಿಮೆಯಾಯಿತು ಅನ್ನುವ ಲೆಕ್ಕಕ್ಕೆ ಅರ್ಥವಿಲ್ಲ.